ಕಾಗಲದಲ್ಲಿ ನಿಂತ ಕಾರು

ಮೊನ್ನೆ ಮುಂಜಾನೆ ಕೊಲ್ಹಾಪುರದ ನಮ್ಮ ಮನೆಯ ಮುಂದೆ ನನ್ನ ಕಾರು ಸ್ಟಾರ್ಟ್ ಆಗುವಾಗ ಒಂದು ಉಸಿರಿನಷ್ಟು ತಡಮಾಡಿತು. ಕೀಲಿ ತಿರುವಿದ ಕೂಡಲೇ ಹಿಡಿಯುವ ಎಂಜಿನ್ನು ಅವತ್ತು ಒಂದು ಸಲ ತೊದಲಿ ಆಮೇಲೆ ಹಿಡಿಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಗಂಡನಿಗೆ ಅದು ಕೇಳಿಸಲೇ ಇಲ್ಲ. ಅವರನ್ನು ಬ್ಯಾಂಕಿನ ಹತ್ತಿರ ಇಳಿಸಿ ನಾನು ನೆಟ್ಟಗೆ ಗ್ಯಾರೇಜಿಗೆ ಹೋದೆ. ಅಲ್ಲಿಯ ಮೆಕ್ಯಾನಿಕ್ ಬಾನೆಟ್ಟು ಎತ್ತುವ ತ್ರಾಸು ಕೂಡ ತೆಗೆದುಕೊಳ್ಳಲಿಲ್ಲ. ಒಂದು ಸಲ ಕೀಲಿ ತಿರುವಿ ನೋಡಿ, ನಕ್ಕು,

"ಕಾಹೀ ನಾಹೀ ಮಾವಶಿ, ತುಮಚಾ ಭಾಸ ಆಹೆ," ಅಂದ.

ಏನೂ ಆಗಿಲ್ಲ, ನಿಮಗೆ ಹಾಗೆ ಭಾಸವಾಗುತ್ತದೆ ಅಷ್ಟೆ. ಆ ಮಾತಿಗೆ ನಾನು ಎಷ್ಟು ಜೋರಾಗಿ ಒದರಿದೆನೆಂದರೆ ಪಕ್ಕದ ಟೈರಿನ ಅಂಗಡಿಯವರು ಹೊರಗೆ ಬಂದು ನಿಂತರು. ಪಾಪ, ಅವನಿಗೇನು ಗೊತ್ತು. ಕಾರು ಸ್ಟಾರ್ಟ್ ಆಗುವ ಸಪ್ಪಳದಲ್ಲಿ ಏನೋ ಬದಲಾಗಿದೆ ಎಂದು ನಾನು ಹೇಳಿದ್ದು ಅದೇ ಮೊದಲಲ್ಲ, ನಿನಗೆ ಹಾಗೆ ಅನಿಸುತ್ತದೆ ಎಂದು ಕೇಳಿಸಿಕೊಂಡದ್ದೂ ಅದೇ ಮೊದಲಲ್ಲ. ಸಿಟ್ಟು ಹಳೆಯದು. ಅದು ಇಚಲಕರಂಜಿಯ ನಮ್ಮ ಮನೆಯಲ್ಲಿ, ನಾನು ಎರಡು ಜಡೆ ಹಾಕಿಕೊಂಡು ಸಾಲಿಗೆ ಹೋಗುತ್ತಿದ್ದ ಕಾಲದಲ್ಲಿ ಹುಟ್ಟಿದ್ದು.

ಮನೆ ಆ ಊರಿನ ಶಹಾಪುರ ಭಾಗದಲ್ಲಿತ್ತು. ಮುಂದೆ ನಾವಿರುವ ಮೂರು ಖೋಲಿ, ಹಿಂದೆ ಅಪ್ಪನ ಪವರ್‌ಲೂಮಿನ ಶೆಡ್ಡು, ನಡುವೆ ಒಂದೇ ಗೋಡೆ. ಮಗ್ಗಗಳ ಖಟ್‌ಖಟ್ ಸಪ್ಪಳ ಆ ಗೋಡೆಯೊಳಗಿಂದ ಬಂದು ನೆಲದಲ್ಲಿ, ಗಡಂಚಿಯ ಮೇಲಿನ ತಂಬಿಗೆಗಳಲ್ಲಿ, ನಮ್ಮ ಹಲ್ಲುಗಳಲ್ಲಿ ಕೂತಿರುತ್ತಿತ್ತು. ಬೇರೆ ಊರಿನಿಂದ ಬಂದ ಬೀಗರಿಗೆ ಒಂದೇ ದಿನದಲ್ಲಿ ತಲೆನೋವು ಬರುತ್ತಿತ್ತು. ನಮಗೆ ಮಾತ್ರ ಕರೆಂಟು ಹೋಗಿ ಮಗ್ಗ ನಿಂತ ದಿನವೇ ನಿದ್ದೆ ಬರುತ್ತಿರಲಿಲ್ಲ. ಅಷ್ಟು ಗದ್ದಲದೊಳಗೂ ಅವ್ವ ರೊಟ್ಟಿ ತಟ್ಟುತ್ತ ಕೂತಲ್ಲಿಂದಲೇ ತಲೆ ಎತ್ತಿ, "ಮೂಲ್ಯಾಗಿನ ಮಗ್ಗದ ಎಳಿ ಹರೀತು ನೋಡು, ಹೋಗಿ ಹೇಳು," ಅನ್ನುತ್ತಿದ್ದಳು. ನಾನು ಓಡಿಹೋಗಿ ನೋಡಿದರೆ ಹರಿದೇ ಇರುತ್ತಿತ್ತು. ನನ್ನ ಕಿವಿ ಅವ್ವನಿಂದ ಬಂದದ್ದು. ಅಪ್ಪನಿಂದ ಬಂದದ್ದು ಮೂಗು ಮತ್ತು ಸಿಟ್ಟು.

ಕಾರು ಬರುವುದಕ್ಕೆ ಮೊದಲು ಮನೆಯ ಮುಂದೆ ಒಂದು ಅಗಲವಾದ ಕಟ್ಟೆ ಇತ್ತು. ಅದು ಅವ್ವನ ಜಾಗ. ಬ್ಯಾಸಗಿಯಲ್ಲಿ ಓಣಿಯ ಹೆಂಗಸರೆಲ್ಲ ಬಂದು ಅಲ್ಲಿ ಶಾವಿಗೆ ಹೊಸೆಯುತ್ತಿದ್ದರು, ಹಪ್ಪಳ ಒಣಗಿಸುತ್ತಿದ್ದರು, ಜೋಳ ಹಸನು ಮಾಡುತ್ತ ಮನೆಮನೆಯ ಸುದ್ದಿ ಹಸನು ಮಾಡುತ್ತಿದ್ದರು. ಅವ್ವ ನಗುವುದನ್ನು ನಾನು ಹೆಚ್ಚಾಗಿ ನೋಡಿದ್ದು ಆ ಕಟ್ಟೆಯ ಮೇಲೆಯೇ. ಅಪ್ಪ ಜಯಸಿಂಗಪುರದ ಒಬ್ಬ ವ್ಯಾಪಾರಿಯ ಕಡೆಯಿಂದ ಹಳೆಯ ಬಿಳಿ ಪೆಟ್ರೋಲ್ ಕಾರು ತಂದ ವಾರವೇ ಆ ಕಟ್ಟೆಯನ್ನು ಒಡೆಸಿದ. ಅವ್ವನನ್ನು ಕೇಳಲಿಲ್ಲ. ಅವಳು ಗುಡಿಗೆ ಹೋಗಿ ಬರುವಷ್ಟರಲ್ಲಿ ಇಬ್ಬರು ಗೌಂಡಿಗಳು ಹಾರೆ ಹಿಡಿದು ಕಲ್ಲು ಎಬ್ಬಿಸುತ್ತಿದ್ದರು. ಅಲ್ಲಿ ತಗಡು ಹೊದಿಸಿ ಕಾರು ನಿಲ್ಲಿಸಿದ. ಕಾರಿನ ಹಿಂಭಾಗ ಸರಿಯಾಗಿ ಅಡಿಗೆ ಮನೆಯ ಕಿಟಕಿಯ ಕೆಳಗೆ ಬಂತು. ಮುಂಜಾನೆ ಅದು ಸ್ಟಾರ್ಟ್ ಆದಾಗ ಹೊಗೆಯೆಲ್ಲ ಒಳಗೆ ಬಂದು ರೊಟ್ಟಿಯ ಮೇಲೆ ಕೂರುತ್ತಿತ್ತು.

"ರೀ, ಗಾಡಿ ಮೂತಿ ಒಳಗ ಮಾಡಿ ನಿಲ್ಲಸ್ರಿ. ಹೊಗಿ ಬರತೈತಿ," ಅಂದಳು ಅವ್ವ ಒಂದು ದಿನ.

"ಮೂತಿ ರಸ್ತಾದ ಕಡೆ ಇರಬೇಕು. ಹೋಗೂ ಬರೂ ಮಂದಿಗೆ ಕಾಣಬೇಕು," ಅಂದ ಅಪ್ಪ.

ಮಂದಿಗೆ ಮೂತಿ ಕಂಡಿತು, ನಾವು ಪೆಟ್ರೋಲ್ ವಾಸನೆಯ ರೊಟ್ಟಿ ತಿಂದೆವು.

ಆ ಕಾರಿನ ಸ್ಟಾರ್ಟ್ ಎನ್ನುವುದು ನಮ್ಮ ಮನೆಯಲ್ಲಿ ಒಂದು ಪೂಜೆಯೇ ಆಗಿತ್ತು. ಅಪ್ಪ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಅದೇ ಕೈಯಿಂದ ಬಾನೆಟ್ಟಿಗೆ ವಿಭೂತಿ ಹಚ್ಚಿ, ಒಳಗೆ ಕೂತು ಚೋಕ್ ಎಳೆದು ಕೀಲಿ ತಿರುವುತ್ತಿದ್ದ. ಆಗ ಯಾರೂ ಮಾತಾಡುವಂತಿರಲಿಲ್ಲ. ಅಣ್ಣ ಬಾಯಿಯೊಳಗಿನ ತುತ್ತನ್ನು ಅಗಿಯದೆ ಹಿಡಿದುಕೊಳ್ಳುತ್ತಿದ್ದ. ಕಾರು ಒಂದೇ ಸಲಕ್ಕೆ ಹಿಡಿಯಿತೆಂದರೆ ಅಪ್ಪ ಕಿಟಕಿಯಿಂದಲೇ ಕೂಗಿ ಮೆತ್ತಗಿನ ದನಿಯಲ್ಲಿ ಇನ್ನೊಂದು ಕಪ್ಪು ಚಹಾ ಕೇಳುತ್ತಿದ್ದ. ಹಿಡಿಯಲಿಲ್ಲವೆಂದರೆ ತಪ್ಪು ಅವ್ವನದು. ಬಾಗಿಲಿಗೆ ನೀರು ಹಾಕುವುದು ತಡವಾಯಿತು, ಹೂವು ಬಾಡಿತ್ತು, ಅಮಾಸಿಯ ನಿಂಬೆಹಣ್ಣು ಸಣ್ಣದಿತ್ತು. ಸಾಣಿಗೆ ಹಾರಿ ಬರುತ್ತಿತ್ತು, ತಾಟು ಹಾರಿ ಬರುತ್ತಿತ್ತು. ಇಂಥ ಮನೆಯಲ್ಲಿ ಬೆಳೆದ ಹುಡುಗಿ ಕಾರಿನ ಸಪ್ಪಳವನ್ನು ಕಲಿಯದೆ ಏನು ಮಾಡಬೇಕು? ಬೇರೆ ಹುಡುಗಿಯರು ಅಪ್ಪನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು. ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಇವತ್ತಿನ ದಿನ ಹೇಗೆ ಹೋಗುತ್ತದೆ ಎಂದು ಹೇಳಬಲ್ಲವಳಾಗಿದ್ದೆ.

ಆ ವರ್ಷ ಥಂಡಿ ಶುರುವಾದಾಗ ಸಪ್ಪಳ ಬದಲಾಯಿತು. ಮೊದಲು ಕೀಲಿ ತಿರುವಿದರೆ ಗುರ್ ಎಂದು ಹಗುರಾಗಿ ತಿರುಗುತ್ತಿದ್ದ ಎಂಜಿನ್ನು ಈಗ ತುಂಬಿದ ಚೀಲ ಎಳೆದಂತೆ ಎಳೆಯತೊಡಗಿತು. ಹಿಡಿಯುತ್ತಿತ್ತು, ಆದರೆ ಹಿಡಿಯುವ ಮೊದಲಿನ ಆ ಎಳೆತ ದಿನಕ್ಕಿಷ್ಟು ಉದ್ದವಾಗುತ್ತಿತ್ತು. ಹಾರ್ನಿನ ದನಿಯೂ ನೆಗಡಿಯಾದವರ ದನಿಯಂತೆ ಬಿದ್ದಿತ್ತು. ನಾನು ಅವ್ವನಿಗೆ ಹೇಳಿದೆ. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವುತ್ತ,

"ಹೌದು. ನನಗೂ ಕೇಳಿಸೇತಿ. ನೀ ಹೋಗಿ ಹೇಳು. ನಾ ಹೇಳಿದ್ರ ಕೇಳೂದಿಲ್ಲ. ನೀ ಮಗಳು, ನಿಂದು ಕೇಳಾರು," ಅಂದಳು.

ಇದನ್ನು ನೆನಪಿಟ್ಟುಕೊಳ್ಳಬೇಕು. ಹೇಳು ಎಂದು ನನ್ನನ್ನು ಕಳಿಸಿದ್ದು ಅವ್ವ.

ಅಪ್ಪ ರೊಟ್ಟಿಗೆ ಹಸಿಮೆಣಸಿನಕಾಯಿಯ ಖರ್ಡಾ ಹಚ್ಚಿಕೊಂಡು ಮೊಸರಿನ ಜೊತೆ ತಿನ್ನುತ್ತಿದ್ದ. ನಾನು ಬಾಗಿಲ ಹತ್ತಿರ ನಿಂತು,

"ಅಪ್ಪಾ, ಗಾಡಿ ಸ್ಟಾರ್ಟ್ ಆಗೂಮುಂದ ಎಳ್ಯಾಕತ್ತೈತ್ರಿ. ಮೊದಲಿನಂಗಿಲ್ಲ," ಅಂದೆ.

"ಏನ ಎಳ್ಯಾಕತ್ತೈತಿ?"

"ಸಪ್ಪಳ್ರಿ. ಜಡ ಆಗೇತ್ರಿ."

ಅಪ್ಪ ಅಣ್ಣನ ಕಡೆ ನೋಡಿ ನಕ್ಕ. "ಕೇಳಿದೇನೋ, ನಮ್ಮ ಮನ್ಯಾಗ ಗಾಡಿ ಮಿಸ್ತ್ರಿ ಹುಟ್ಯಾಳ. ಜಡ ಆಗೇತಂತ! ನಿನ್ನ ತಲ್ಯಾಗ ಆಗೇತಿ. ಹೋಗು, ತಾಟ ತೊಳಿ."

ಮತ್ತೆ ಮರುದಿನ ಹೇಳಿದೆ, ಅದರ ಮರುದಿನವೂ ಹೇಳಿದೆ. ಒಂದು ಸಲ ಅಪ್ಪ ನಿಜವಾಗಿಯೂ ತನ್ನ ಗೆಳೆಯನಾದ ಒಬ್ಬ ಮಿಸ್ತ್ರಿಯನ್ನು ಕರೆಸಿದ. ನಾನು ಖುಷಿಯಾಗಿ ಓಡಿಬಂದೆ. ಆ ಮನುಷ್ಯ ಚಹಾ ಕುಡಿದು, ಬಾನೆಟ್ಟಿನ ಮೇಲೆ ಕೈಯಾಡಿಸಿ, "ಥಂಡೀಚಂ ಹೋತಂ ಅಸಂ, ಶೇಠ. ಹೊಸಾ ನವರಿ ಹಂಗ, ಮುಂಜಾನಿ ಏಳಾಕ ಒಲ್ಲಿ ಅಂತೈತಿ," ಅಂದ. ಥಂಡಿಗೆ ಹೀಗೆ ಆಗುತ್ತದಂತೆ, ಹೊಸ ಮದುಮಗಳ ಹಾಗೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ನಗು ಕಿಟಕಿಯಿಂದ ಒಳಗೆ ಬರುತ್ತಿದ್ದಾಗ ಅವ್ವ ಹಿಟ್ಟಿನ ಮುದ್ದೆಯನ್ನು ಬಡಿಯುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವಳು ರೊಟ್ಟಿ ಬಡಿಯುತ್ತಿರಲಿಲ್ಲ, ಯಾರನ್ನೋ ಬಡಿಯುತ್ತಿದ್ದಳು.

ಗಡಹಿಂಗ್ಲಜದಲ್ಲಿ ಅವ್ವನ ತವರು. ಅಲ್ಲಿ ನಮ್ಮ ಆಯಿ ಇದ್ದಳು. ಸುತ್ತಲಿನ ಮರಾಠಿ ಮನೆಗಳಲ್ಲಿ ಆಯಿ ಎಂದರೆ ತಾಯಿ, ನಮ್ಮಲ್ಲಿ ಅಜ್ಜಿ. ಆಯಿಗೆ ಅವ್ವ ಒಬ್ಬಳೇ ಮಗಳು. ಆ ಮಾಘದ ಒಂದು ಮುಂಜಾನೆ ಮಾಮಾನ ಫೋನು ಎದುರುಗಡೆಯ ನೂಲಿನ ಅಂಗಡಿಗೆ ಬಂತು. ಆಯಿಗೆ ಭಾಳ ಜಡ್ಡಾಗಿದೆ, ಶಾಂತಿಯನ್ನು ನೋಡಬೇಕು ಅನ್ನುತ್ತಿದ್ದಾಳೆ, ಇದ್ದ ಹಾಗೆ ಹೊರಟು ಬನ್ನಿ. ಶಾಂತಿ ಎಂದರೆ ನಮ್ಮವ್ವ. ಅವಳು ಸೆರಗಿಗೆ ಕೈ ಒರಸಿಕೊಂಡು ಗೂಟದಿಂದ ಚೀಲ ತೆಗೆದಳು.

"ನಾ ಎಸ್ಟಿ ಬಸ್ಸಿಗೆ ಹೋಗತೇನ್ರಿ. ಈಗ ಒಂದ ಗಾಡಿ ಐತಿ."

"ಹುಚ್ಚೇನ? ಬಾಗಲಾಗ ಕಾರ ನಿಂತೈತಿ, ಎಸ್ಟಿ ಹತ್ತಿ ಹೋಗ್ತಿ? ಮಂದಿ ಏನಂದಾರು? ಕಾರಿನಾಗ ಹೋಗೂಣು. ಎಸ್ಟೀಕಿಂತ ಮೊದಲ ಮುಟ್ಟತೇವಿ."

ಆಮೇಲೆ ಅವನು ಜಳಕಕ್ಕೆ ಹೋದ. ಪೂಜೆ ಮಾಡಿದ. ಇಸ್ತ್ರಿಯ ಧೋತರ ಬೇಕೆಂದ. ಕಾರು ಒರಸಿಸಿದ. ಅವ್ವ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಹೊಸ್ತಿಲ ಹತ್ತಿರ ಕೂತಿದ್ದಳು. ಬಿಸಿಲು ಅಂಗಳ ದಾಟಿ ಅವಳ ಕಾಲಿಗೆ ಬಂದಾಗ ಕಾರು ಹೊರಟಿತು, ಅದೂ ಎಷ್ಟು ಎಳೆದಾಡಿ! ಕೀಲಿ ತಿರುವಿದಾಗ ಬಂದ ಸಪ್ಪಳ ಎಂಜಿನ್ನಿನದಲ್ಲ, ಯಾರೋ ನರಳಿದಂತೆ ಇತ್ತು. ಕೊನೆಗೆ ಹಿಡಿಯಿತು. ಅಣ್ಣ ಮನೆಯಲ್ಲೇ ಉಳಿದ. ಅಪ್ಪ ಮುಂದೆ, ನಾವಿಬ್ಬರು ಹಿಂದೆ.

ಹುಪರಿ ದಾಟಿ ಕಾಗಲಕ್ಕೆ ಬಂದಾಗ ಹೆದ್ದಾರಿಯ ಹತ್ತಿರದ ಹೋಟೆಲಿನ ಮುಂದೆ ಅಪ್ಪನ ಪರಿಚಯದ ಒಬ್ಬ ಕಬ್ಬಿನ ಗುತ್ತಿಗೆದಾರ ನಿಂತಿದ್ದ. ಅವನು ಕೈ ಎತ್ತಿದ. ಅಪ್ಪ ಕಾರನ್ನು ಬಾಜೂಕ್ಕೆ ತೆಗೆದ.

"ಅಪ್ಪಾ, ಬಂದ್ ಮಾಡಬ್ಯಾಡ್ರಿ," ಅಂದೆ ನಾನು. "ಚಾಲೂ ಇರಲ್ರಿ. ಮತ್ತ ಸ್ಟಾರ್ಟ್ ಆಗೂದಿಲ್ರಿ."

ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ. ನೋಡುತ್ತಲೇ ಕೀಲಿ ತಿರುವಿ ಬಂದ್ ಮಾಡಿದ. ಅದು ಮರೆತು ಮಾಡಿದ್ದಲ್ಲ. ನನಗೆ ತೋರಿಸಲು ಮಾಡಿದ್ದು. ಈ ಒಂದು ಸಂಗತಿಯನ್ನು ನಾನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ಆಮೇಲೆ ಇಳಿದುಹೋಗಿ ಚಹಾ ಕುಡಿದ. ಆ ಗುತ್ತಿಗೆದಾರ ಕಾರಿನ ಸುತ್ತ ಒಂದು ಸುತ್ತು ಹಾಕಿ ಹೊಗಳಿದ. ಅಪ್ಪ ಗಾಲಿಯನ್ನು ಕಾಲಿನಿಂದ ಒದ್ದು ತೋರಿಸಿದ. ಅವ್ವನಿಗೆ ಮತ್ತು ನನಗೆ ಕಿಟಕಿಯೊಳಗಿಂದ ಚಹಾ ಬಂತು. ಅವ್ವ ಮುಟ್ಟಲಿಲ್ಲ.

ವಾಪಸು ಬಂದು ಕೀಲಿ ತಿರುವಿದಾಗ ಟಕ್ ಎಂದಿತು. ಮತ್ತೆ ತಿರುವಿದ, ಟಕ್. ಅಷ್ಟೆ. ಎಳೆಯುವ ಶಕ್ತಿಯೂ ಉಳಿದಿರಲಿಲ್ಲ. ಲಾರಿಯವರು, ಹೋಟೆಲಿನವರು ಸೇರಿ "ಹಾಂ, ದ್ಯಾ ಧಕ್ಕಾ" ಎಂದು ನೂಕಿದರು. ಹಿಡಿಯಲಿಲ್ಲ. ಈ ಕಡೆಯಿಂದ ಆ ಕಡೆ ನೂಕಿದರು, ಆ ಕಡೆಯಿಂದ ಈ ಕಡೆ ನೂಕಿದರು. ಅಪ್ಪನ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಅವನು ಎಲ್ಲರಿಗೂ ಬೈಯುತ್ತಿದ್ದ. ಡೈನಮೋ ಕೆಟ್ಟು ಎಷ್ಟೋ ದಿನವಾಗಿತ್ತೆಂದೂ, ಬ್ಯಾಟರಿ ದಿನದಿನಕ್ಕೆ ಬರಿದಾಗುತ್ತ ಬಂದಿತ್ತೆಂದೂ, ಆ ಎಳೆತ ಅದರದೇ ಎಂದೂ ಆಮೇಲೆ ಗೊತ್ತಾಯಿತು. ಅವತ್ತು ಗೊತ್ತಿದ್ದದ್ದು ಇಷ್ಟೇ, ಗಡಹಿಂಗ್ಲಜ ಇನ್ನೂ ದೂರ ಇದೆ, ಹೊತ್ತು ಏರುತ್ತಿದೆ.

ಅವ್ವ ಬಾಗಿಲು ತೆರೆದು ಕೆಳಗಿಳಿದಳು. ನನ್ನ ಕೈ ಹಿಡಿದು ರಸ್ತೆಯ ಆ ಕಡೆಗೆ ನಡೆದಳು.

"ಏ, ಎಲ್ಲಿ ಹೊಂಟಿ?" ಅಪ್ಪ ಒದರಿದ. "ಈಗ ಚಾಲೂ ಆಗತೈತಿ. ಶಾಂತಿ! ಎಷ್ಟ ಮಂದಿ ನೋಡಾಕತ್ತಾರ! ನಿಲ್ಲು ಅಂದ್ನೆ!"

ಅವ್ವ ತಿರುಗಿ ನೋಡಲಿಲ್ಲ. ಗಂಡನ ಮಾತು ಮೀರಿ ಅವಳು ಒಂದು ಹೆಜ್ಜೆ ಇಟ್ಟದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಗಡಹಿಂಗ್ಲಜದ ಎಸ್ಟಿ ಬಂದಾಗ ರಸ್ತೆಯ ನಡುವೆಯೇ ಹೋಗಿ ನಿಂತು ಕೈ ಅಡ್ಡ ಹಿಡಿದಳು. ಕಂಡಕ್ಟರ್ ಬಾಗಿಲು ತೆರೆದು ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿ, "ಯಾ ಬಾಯಿ, ಬಸಾ," ಎಂದು ತನ್ನ ಸೀಟು ಬಿಟ್ಟುಕೊಟ್ಟ. ಬಸ್ಸು ಹೊರಟಾಗ ನಾನು ಹಿಂದಿನ ಕಿಟಕಿಯಿಂದ ನೋಡಿದೆ. ಅಪ್ಪ ಕಾರಿನ ಬಾಗಿಲು ಹಿಡಿದು ನಿಂತಿದ್ದ. ನನಗೆ ಒಳಗೊಳಗೇ ಹಿಗ್ಗಾಯಿತು. ಅವ್ವ ಗೆದ್ದಳು ಅಂದುಕೊಂಡೆ.

ಗೆಲ್ಲಲಿಲ್ಲ. ಮಾಮಾನ ಮನೆಯ ಓಣಿ ತಿರುಗುವಾಗಲೇ ಅಳುವ ಸಪ್ಪಳ ಕೇಳಿಸಿತು. ಆಯಿಯ ಜೀವ ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು. ಮಾಮಿ ಅವ್ವನನ್ನು ತಬ್ಬಿಕೊಂಡು ಅಳುತ್ತ ಹೇಳಿದ ಮಾತು ಇದು:

"ಮಧ್ಯಾಹ್ನದ ಮಟಾ ಎಚ್ಚರ ಇದ್ರವ್ವಾ. ನನ್ನ ಮಗಳು ಕಾರಿನಾಗ ಬರ್ತಾಳ ಅಂತಿದ್ರು. ರಸ್ತಾದಾಗ ಯಾವ ಗಾಡಿ ಸಪ್ಪಳಾದ್ರೂ ಕಣ್ಣ ತೆರ್ಯೂದು, ಶಾಂತಿ ಬಂದ್ಲೇನು ಅನ್ನೂದು. ಎಷ್ಟ ಹಾದಿ ನೋಡಿದ್ರವ್ವಾ, ಎಷ್ಟ ಹಾದಿ ನೋಡಿದ್ರು!"

ಮರುದಿನ ಮುಂಜಾನೆ ಮಣ್ಣು ಮಾಡಲು ಎಲ್ಲ ತಯಾರಿ ನಡೆದಿತ್ತು. ಆಯಿಯನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನಿಂದ ಮುಚ್ಚಿದ್ದರು. ಭಜನೆಯವರು ಹಾಡುತ್ತಿದ್ದರು. ಆಗ ಓಣಿಯ ತುದಿಯಲ್ಲಿ ಹಾರ್ನು ಕೇಳಿಸಿತು. ಹೊಸ ಬ್ಯಾಟರಿಯ ಹಾರ್ನು, ಗಟ್ಟಿ ದನಿ. ಅಪ್ಪ ಕಾರಿನಿಂದ ಇಳಿದ, ಕೈಯಲ್ಲಿ ಎಲ್ಲರಿಗಿಂತ ದೊಡ್ಡ ಹಾರ. ಅದನ್ನು ಹಾಕಿ, ಅಂಗಳದಲ್ಲಿ ಹಿರಿಯರ ನಡುವೆ ಕೂತು, ತಲೆ ಅಲ್ಲಾಡಿಸುತ್ತ ಹೇಳಿದ:

"ಏನ ಮಾಡೂದ್ರಿ, ಗಾಡಿ ಕೈಕೊಟ್ಟತು. ಯಾರರೆ ಒಬ್ರು ಮೊದಲ ಹೇಳಿದ್ರ ರಿಪೇರಿ ಮಾಡಸ್ತಿದ್ದೆ. ಯಾರೂ ಹೇಳಲಿಲ್ಲ."

ನಾನು ಕಂಬದ ಹತ್ತಿರ ನಿಂತಿದ್ದೆ. "ನಾ ಹೇಳಿದ್ನೆಲ್ರಿ," ಅಂದೆ. ದನಿ ಜೋರಾಗಿಯೇ ಬಂತು. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. "ದಿನಾ ಹೇಳಿದ್ನೆಲ್ರಿ, ಅಪ್ಪಾ."

ಅಪ್ಪ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದ. ಭಜನೆ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಹೊಡೆತ ದೊಡ್ಡದಲ್ಲ, ಆ ಮನೆಯಲ್ಲಿ ಅದಕ್ಕಿಂತ ದೊಡ್ಡವು ಬಿದ್ದಿದ್ದವು. ನಾನು ಅವ್ವನ ಕಡೆ ನೋಡಿದೆ. ಅವ್ವ ಆಯಿಯ ಕಾಲ ಹತ್ತಿರ ಕೂತಿದ್ದಳು. ಅವಳು ನನ್ನನ್ನು ನೋಡಿದಳು. ನನಗೂ ಕೇಳಿಸೇತಿ, ನೀ ಹೋಗಿ ಹೇಳು ಎಂದು ಕಳಿಸಿದವಳು ಅವಳು. ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳು ಮುಖ ತಿರುಗಿಸಿ ಆಯಿಯ ಪಾದದ ಮೇಲೆ ಹಣೆ ಇಟ್ಟಳು. ಅಪ್ಪನ ಮೇಲಿನ ಸಿಟ್ಟು ನನಗೆ ಮೊದಲಿನಿಂದಲೂ ಇತ್ತು, ಅದು ಮನೆಯ ಗೋಡೆಯಂತೆ, ರೂಢಿಯಾಗಿತ್ತು. ಅವ್ವನ ಮೇಲೆ ಸಿಟ್ಟು ಬಂದದ್ದು ಅವತ್ತು. ಅದು ಹೊಸದು, ಅದು ಸುಟ್ಟಿತು.

ಅಂದಿನಿಂದ ಅವ್ವ ಆ ಕಾರು ಹತ್ತಲಿಲ್ಲ. ಯಾಕೆ ಎಂದೂ ಹೇಳಲಿಲ್ಲ, ಜಗಳವನ್ನೂ ಮಾಡಲಿಲ್ಲ. ಮದುವೆಗೆ, ಸೀಮಂತಕ್ಕೆ, ನರಸೋಬಾವಾಡಿಯ ಹೊಳೆಗೆ ಎಲ್ಲಿಗೆ ಹೋಗುವುದಿದ್ದರೂ ಚೀಲ ಹಿಡಿದು ಸ್ಟ್ಯಾಂಡಿಗೆ ನಡೆಯುತ್ತಿದ್ದಳು. ಅಪ್ಪ ಬೈದ, ತಾಟು ಎಸೆದ, ಬೀಗರಿಂದ ಹೇಳಿಸಿದ. ಅವಳು ಹೂಂ ಅಂದು ಎಸ್ಟಿ ಹತ್ತಿದಳು. ಕಾರಿನ ಒಡೆಯನ ಹೆಂಡತಿ ನಿಂತುಕೊಂಡು ಎಸ್ಟಿಯಲ್ಲಿ ಬರುವುದನ್ನು ಇಡೀ ಬಳಗ ನೋಡಿತು. ಬೇರೆಯವರು ಅದನ್ನು ಅವಳ ಹಟ ಅಂದರು. ನನಗೆ ಅದೂ ಸಾಕಾಗಲಿಲ್ಲ. ಬಾಯಿ ಇದೆಯಲ್ಲ, ಬಾಯಿಂದ ಹೇಳು ಎಂದು ನನ್ನೊಳಗೆ ಕುದಿಯುತ್ತಿತ್ತು. ನಾನು ಎಲ್ಲದಕ್ಕೂ ಎದುರು ಮಾತಾಡುವ ಹುಡುಗಿಯಾದೆ. ಸಾಲಿಯಲ್ಲಿ ಮಾಸ್ತರರಿಗೆ, ಮನೆಗೆ ಬಂದ ಹಿರಿಯರಿಗೆ, ಕಾಲೇಜಿನಲ್ಲಿ ಕ್ಲಾರ್ಕಿಗೆ. ಹೇಳಿದ್ದನ್ನು ಮತ್ತೊಮ್ಮೆ ಹೇಳುವ, ಕೇಳಿಸಲಿಲ್ಲವೆಂದರೆ ಒದರಿ ಹೇಳುವ ಈ ಗುಣವನ್ನು ಮಂದಿ ಸೊಕ್ಕು ಅನ್ನುತ್ತಾರೆ. ಅನ್ನಲಿ.

ಅಪ್ಪ ಏನು ಮಾಡಿದ ಗೊತ್ತೆ? ಅದನ್ನೊಂದು ನಗೆಯ ಕಥೆ ಮಾಡಿಕೊಂಡ. ಊಟದ ಪಂಕ್ತಿಯಲ್ಲಿ ನಾಲ್ಕು ಜನ ಸೇರಿದರೆ ಸಾಕು, "ನಮ್ಮಾಕಿ ಕಾರ ಬಿಟ್ಟು ಎಸ್ಟಿ ಹತ್ತಿದ ಕತಿ ಹೇಳತೇನಿ ಕೇಳ್ರಿ," ಎಂದು ಶುರು ಮಾಡುತ್ತಿದ್ದ. ರಸ್ತೆಯ ನಡುವೆ ನಿಂತ ಅವ್ವ, ಗಾಬರಿಯಾದ ಕಂಡಕ್ಟರು, ಲಾರಿಯವರ ಧಕ್ಕಾ, ಎಲ್ಲವನ್ನೂ ಕೈಬಾಯಿ ತಿರುವಿ ಹೇಳುತ್ತಿದ್ದ. ಆಯಿ ಆ ಕಥೆಯಲ್ಲಿ ಬರುತ್ತಲೇ ಇರಲಿಲ್ಲ. ಜನ ನಗುತ್ತಿದ್ದರು. ಅವ್ವ ಸಾರು ಬಡಿಸುತ್ತ ಪಂಕ್ತಿಯಲ್ಲಿ ಮುಂದೆ ಹೋಗುತ್ತಿದ್ದಳು.

ಕೊನೆಯ ಸಲ ಅವನು ಅದನ್ನು ಹೇಳಿದ್ದು ನನ್ನ ಸಾಖರಪುಡಾದ ದಿನ. ಕೊಲ್ಹಾಪುರದಿಂದ ಗಂಡಿನ ಕಡೆಯವರು ನಿಶ್ಚಯಕ್ಕೆ ಬಂದಿದ್ದರು. ನಡುಮನೆಯಲ್ಲಿ ಗಂಡಸರ ಪಂಕ್ತಿ, ಹೋಳಿಗೆ, ಕಟ್ಟಿನ ಸಾರು. ನನಗೆ ಮಾವ ಆಗುವವರ ಪಕ್ಕದಲ್ಲಿ ಕೂತಿದ್ದ ಅಪ್ಪ ತುಪ್ಪ ಕಲಸುತ್ತ, "ನಮ್ಮ ಮನಿ ಹೆಣಮಕ್ಕಳ ಸುದ್ದಿ ಹೇಳತೇನಿ, ಈಗ ಕೇಳಿಬಿಡ್ರಿ," ಎಂದು ಅದೇ ಕಥೆ ತೆಗೆದ. ನಾನು ಅಡಿಗೆ ಮನೆಯ ಬಾಗಿಲಲ್ಲಿ ಹೊಸ ಸೀರೆಯುಟ್ಟು ನಿಂತಿದ್ದೆ. ನಾನೇ ಏನಾದರೂ ಅನ್ನಬೇಕು, ನಿಶ್ಚಯ ಮುರಿದರೆ ಮುರಿಯಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹೋಳಿಗೆಯ ಬುಟ್ಟಿಯನ್ನು ಪಂಕ್ತಿಯ ನಡುವೆ ನೆಲದ ಮೇಲೆ ಇಟ್ಟು ನೆಟ್ಟಗೆ ನಿಂತಳು.

"ಹುಡುಗಿ ಹೇಳಿದ್ಲು," ಅಂದಳು.

ಅಪ್ಪನ ನಗು ಅರ್ಧಕ್ಕೆ ನಿಂತಿತು. "ಏನ?"

"ಗಾಡಿ ಎಳ್ಯಾಕತ್ತೈತಿ ಅಂತ ಹುಡುಗಿ ದಿನಾ ಹೇಳಿದ್ಲು. ನಾನ ಕಳಿಸ್ತಿದ್ದೆ. ಕಾಗಲದಾಗ ಬಂದ್ ಮಾಡಬ್ಯಾಡ್ರಿ ಅಂದ್ಲು. ನೀವು ಆಕಿ ಮುಖಾ ನೋಡಿ ಬಂದ್ ಮಾಡಿದ್ರಿ. ನೀವು ಚಹಾ ಕುಡ್ಯಾಕ ನಿಂತಾಗ ನಮ್ಮವ್ವ ಜೀಂವಂತ ಇದ್ಲು. ಗಾಡಿ ಸಪ್ಪಳ ಕೇಳಿ ಕಣ್ಣ ತೆರೀತಿದ್ಲು. ಇದರಾಗ ನಗೂದು ಯಾವದೈತಿ ಹೇಳ್ರಿ, ನಾನೂ ನಗತೇನಿ."

ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ಅವಳು ಬುಟ್ಟಿ ಎತ್ತಿಕೊಂಡು ನನ್ನ ಮಾವನ ಮುಂದೆ ಬಗ್ಗಿದಳು.

"ಬೀಗರ, ಇನ್ನೊಂದ ಹೋಳಗಿ ಹಾಕಲೇನ್ರಿ?"

"ಹಾಕ್ರಿ," ಅಂದರು ಅವರು. ಅವಳ ಮುಖ ನೋಡದೆ, ತಲೆ ತಗ್ಗಿಸಿ.

ಅಪ್ಪ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡು ಹೊರಗೆ ಹೋದ. ಯಾರೂ ಕರೆಯಲು ಹೋಗಲಿಲ್ಲ. ಅಣ್ಣ ಕೂಡ ಏಳಲಿಲ್ಲ. ಅವ್ವ ಅಪ್ಪನ ತಾಟನ್ನು ಎತ್ತಿ ಒಳಗೆ ಒಯ್ದಳು, ಬೇರೊಂದು ತಾಟು ತಂದಳು. ಗಂಡಸರ ಪಂಕ್ತಿಯಲ್ಲಿ, ಬೀಗರ ಪಕ್ಕದ ಆ ಖಾಲಿ ಮಣೆಯ ಮೇಲೆ, ಸೆರಗು ಸರಿಪಡಿಸಿಕೊಂಡು ಕೂತಳು. ಆಮೇಲೆ ನನ್ನ ಕಡೆ ನೋಡಿದಳು.

ನಾನು ಬಡಿಸಿದೆ.